ಅಂಚಿನ ಎರಡಕ್ಷರ

ಥಾರ್ನ್‌ಬೆಕ್, ಯಾರ್ಕ್‌ಷೈರ್
ಮಂಗಳವಾರ, 4 ಮಾರ್ಚ್ 2003

ಮಿಸ್ ಫಾಸೆಟ್ ಅವರಿಗೆ,

ನಿಮ್ಮ ಅಕ್ಕ ಹಿಲ್ಡಾ ಅವರ ಸೊಂಟದ ಮೂಳೆ ಕೂಡಿಕೊಂಡಿದೆ, ಕೋಲು ಹಿಡಿದು ಸಮುದ್ರದ ದಂಡೆಯವರೆಗೂ ನಡೆಯುತ್ತಾರೆ ಎಂದು ಅಂಚೆ ಕಚೇರಿಯ ಬಾರ್ಬರಾ ಹೇಳಿದಳು. ಸಂತೋಷ. ಈ ಸುದ್ದಿ ನಿಮ್ಮಿಂದಲೇ ಬಂದಿದ್ದರೆ ಇನ್ನೂ ಸಂತೋಷವಾಗುತ್ತಿತ್ತು. ನವೆಂಬರಿನಲ್ಲಿ ನೀವು ಫೈಲಿಗೆ, ಅಕ್ಕನ ಊರಿಗೆ, ಹೋದ ಮೇಲೆ ನನಗೆ ಬಂದದ್ದು ಒಂದು ಕ್ರಿಸ್‌ಮಸ್ ಕಾರ್ಡು, ಅದರಲ್ಲಿ ಆರು ಪದ. ಆರರಲ್ಲಿ ಎರಡು ನಿಮ್ಮ ಹೆಸರು.

ಬೇರೆಯವರು ಹೇಳಿ ನೀವು ನಕ್ಕುಬಿಡುವ ಮೊದಲು ನಾನೇ ಹೇಳಿಬಿಡುತ್ತೇನೆ. ಮೇ ಒಂದರಂದು ಜಿಲ್ಲಾ ಕೌನ್ಸಿಲಿನ ಚುನಾವಣೆ. ನಾನು ನಿಲ್ಲುತ್ತಿದ್ದೇನೆ, ಪಕ್ಷೇತರನಾಗಿ. ಹದಿನೈದಕ್ಕೆ ಶಾಲೆ ಬಿಟ್ಟು ಕುರಿದೊಡ್ಡಿ ತೊಳೆದವನು, ಬಾಯೊಂದನ್ನೇ ಬಂಡವಾಳ ಮಾಡಿಕೊಂಡು ಹರಾಜಿನ ಕಟ್ಟೆ ಹತ್ತಿದವನು, ಅರವತ್ತೆಂಟನೇ ವಯಸ್ಸಿನಲ್ಲಿ ಎದೆಗೆ ರಿಬ್ಬನ್ ಹೂ ಚುಚ್ಚಿಕೊಂಡು ಜನರ ಬಾಗಿಲು ಬಡಿಯಲು ಹೊರಟಿದ್ದಾನೆ.

ಕಾರಣ ನಿಮಗೆ ಗೊತ್ತಿರುವುದೇ. ಕುರಿಸಂತೆಯ ಮೈದಾನ ಕೌನ್ಸಿಲಿನದು. ಗುತ್ತಿಗೆ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಅದನ್ನು ಮುಂದುವರಿಸಬೇಕೋ, ದೊಡ್ಡಿಗಳನ್ನು ಕಿತ್ತು ಮನೆ ಕಟ್ಟಬೇಕೋ ಎಂದು ಜುಲೈನಲ್ಲಿ ಕೈ ಎತ್ತಿ ತೀರ್ಮಾನಿಸುತ್ತಾರೆ. ಉಳಿದ ಊರುಗಳಲ್ಲಿ ಯಾರು ಗೆಲ್ಲುತ್ತಾರೆ ಎನ್ನುವುದು ಈಗಲೇ ಎಲ್ಲರಿಗೂ ಗೊತ್ತು. ಒಬ್ಬೊಬ್ಬರನ್ನೂ ಟಗರು ನೋಡಿದಂತೆ ಹಲ್ಲು ಬಿಡಿಸಿ ನೋಡಿದ್ದೇನೆ: ಎರಡೂ ಕಡೆ ಸಮ. ಲೆಕ್ಕಕ್ಕೆ ಸಿಗದೆ ಉಳಿದಿರುವುದು ಥಾರ್ನ್‌ಬೆಕ್‌ನ ಕುರ್ಚಿಯೊಂದೇ. ಅಲ್ಲಿ ಕೂತವರು ಎತ್ತಿದ ಕೈಯಿಂದ ಸಂತೆ ಉಳಿಯುತ್ತದೆ, ಇಲ್ಲವೇ ಹೋಗುತ್ತದೆ.

ಕ್ರಿಸ್‌ಮಸ್ ಹೊತ್ತಿಗೆ ನಾನೂ ಸುತ್ತಿಗೆ ಕೆಳಗಿಟ್ಟೆ; ಮೊಣಕಾಲು ನೋವು. ಹಾಗಾಗಿ ಈಗ ಆ ಸಂತೆಯಲ್ಲಿ ನನಗೆ ಕುರಿಯ ಬಾಲದಷ್ಟೂ ಪಾಲಿಲ್ಲ, ಕೈ ಎತ್ತಲು ಅಡ್ಡಿಯೂ ಇಲ್ಲ. ಕಟ್ಟೆಯ ಮೇಲೆ ಈಗ ಕ್ರೇಗ್ ನಿಲ್ಲುತ್ತಾನೆ. ಚೆನ್ನಾಗಿ ಕೂಗುತ್ತಾನೆ, ಆದರೆ ಜನ ನಗುವುದಿಲ್ಲ. ನಿಮ್ಮ ಜಾಗದಲ್ಲಿ ಒಂದು ಕಂಪ್ಯೂಟರು ಕೂತಿದೆ. ನಾನು ಸುತ್ತಿಗೆ ಬಡಿದ ಮಾತ್ರಕ್ಕೆ ಮಾರಾಟ ಮುಗಿಯಿತೆಂದು ಯಾವ ರೈತನೂ ಒಪ್ಪುತ್ತಿರಲಿಲ್ಲ, ನೆನಪಿದೆಯೇ? ಪ್ರತಿ ಲಾಟು ಕುರಿಗೂ ನೀವು ಕೊಂಡವನ ಹೆಸರು ಬರೆದು, ಸಾಲಿನ ಬಲ ಅಂಚಿಗೆ ಇ.ಎಫ್. ಎಂದು ಎರಡಕ್ಷರ ಹಾಕಿದರೇ ಆ ಲಾಟು ಮುಗಿದಂತೆ. ಜಗಳ ಬಂದರೆ ಏಮಸ್ ರೇನ್ ನೀವು ಬರೆಯುವ ಕಟಕಟೆಗೆ ಬಗ್ಗಿ ಕೇಳುತ್ತಿದ್ದ: "ಎರಡಕ್ಷರ ಬಿದ್ದಿದೆಯಾ ತಾಯಿ? ಬಿದ್ದಿದ್ರೆ ನನ್ನ ಬಾಯಿ ಮುಚ್ತು." ಮೂವತ್ತೊಂದು ವರ್ಷ ಆ ಎರಡಕ್ಷರದ ಮೇಲೆ ಯಾರೂ ಮಾತಾಡಲಿಲ್ಲ.

ಚರ್ಚ್ ಓಣಿಯ ಮನೆ ನೀವು ಬಿಟ್ಟಿಲ್ಲವಾದ್ದರಿಂದ ಮತದಾರರ ಪಟ್ಟಿಯಲ್ಲಿ ಹೆಸರು ಹಾಗೇ ಇದೆ, ನೋಡಿಕೊಂಡು ಬಂದೆ. ಅಂಚೆಯಲ್ಲಿ ಮತ ಹಾಕಬಹುದು. ಯಾರಿಗೆ ಎಂದು ನಾನು ಕೇಳುವುದಿಲ್ಲ. ಸಂತೆ ಉಳಿದರೆ ಸೆಪ್ಟೆಂಬರಿನ ದೊಡ್ಡ ಕುರಿ ಹರಾಜಿಗೆ ನೀವು ಬರುತ್ತೀರಾ ಎಂದು ಮಾತ್ರ ಕೇಳುತ್ತೇನೆ.

ನಿಮ್ಮ,
ಎಸ್. ಡಿನ್ಸ್‌ಡೇಲ್


ಫೈಲಿ
12 ಮಾರ್ಚ್ 2003

ಮಿಸ್ಟರ್ ಡಿನ್ಸ್‌ಡೇಲ್ ಅವರಿಗೆ,

ನಕ್ಕೆ. ಹಿಲ್ಡಾ ಕೂಡ ನಕ್ಕಳು.

ಕಟ್ಟೆಯ ಮೇಲೆ ನಿಮಗೆ ಎದುರು ಮಾತಾಡುವವರು ಇರಲಿಲ್ಲ, ಕುರಿಗಳನ್ನು ಬಿಟ್ಟು. ಬಾಗಿಲಲ್ಲಿ ಜನ ಮಾತಾಡುತ್ತಾರೆ. ಅಭ್ಯಾಸ ಮಾಡಿಕೊಳ್ಳಿ.

ಸಂತೆ ಉಳಿದರೆ ಸೆಪ್ಟೆಂಬರಿಗೆ ಬರುತ್ತೇನೆ. ಉಣ್ಣೆಯ ಹೊದಿಕೆ ನಾನೇ ತರುತ್ತೇನೆ. ಆ ಕಟಕಟೆಯ ಚಳಿ ಮರೆತಿಲ್ಲ.

ಅಂಚೆ ಮತದ ಅರ್ಜಿ ತರಿಸಿದ್ದೇನೆ. ಹೆಚ್ಚು ಬರೆಯಲಾರೆ, ಈ ಮನೆಯ ದೀಪ ಮಂದ.

ಇ. ಫಾಸೆಟ್


ಥಾರ್ನ್‌ಬೆಕ್
ಭಾನುವಾರ, 6 ಏಪ್ರಿಲ್ 2003

ಮಿಸ್ ಫಾಸೆಟ್ ಅವರಿಗೆ,

ನಾಮಪತ್ರಕ್ಕೆ ಹತ್ತು ಜನರ ಸಹಿ ಬೇಕಿತ್ತು. ಒಂದೇ ಮಧ್ಯಾಹ್ನದಲ್ಲಿ ಹನ್ನೊಂದಾಯಿತು. ಹನ್ನೊಂದನೆಯವನು ಪಕ್ಕದ ಊರಿನವನು, ಬರೀ ಸಹಿ ಹಾಕುವ ಚಪಲಕ್ಕೆ ಹಾಕಿದ್ದ.

ಎದುರಾಳಿ ಒಬ್ಬರೇ. ರೊಸಲಿಂಡ್ ಆಸ್ಕ್, ಲೀಡ್ಸ್‌ನಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ನಮ್ಮೂರಿಗೆ ಬಂದು ಆರು ವರ್ಷವಾಯಿತಂತೆ, ಅಂದರೆ ನಿನ್ನೆ ಬಂದವರು. ಮೈದಾನದಲ್ಲಿ ಊರಿನ ಹುಡುಗ ಹುಡುಗಿಯರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟಬೇಕು ಎನ್ನುವುದು ಅವರ ವಾದ. ಕೆಟ್ಟ ಹೆಂಗಸಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಮೊನ್ನೆ ಮಿಲ್ ಬೀದಿಯಲ್ಲಿ ಎದುರು ಸಿಕ್ಕರು.

"ಮಿಸ್ಟರ್ ಡಿನ್ಸ್‌ಡೇಲ್, ನೀವು ಬಡಿದ ಬಾಗಿಲನ್ನೇ ನಾನು ಬಡೀತಿದೀನಿ. ಪಾಪ, ಜನ ಒಂದೇ ಸಾಯಂಕಾಲ ಎಷ್ಟು ಸಲ ಟೀ ಕಾಯಿಸ್ಬೇಕು? ದಿನ ಹಂಚ್ಕೊಳ್ಳೋಣ."

"ಹಂಚ್ಕೊಳ್ಳೋಣ. ಬುಧವಾರ ನಿಮಗೆ."

"ಬುಧವಾರ ಎಲ್ರೂ ಬಿಂಗೋ ಆಡೋಕೆ ಹೋಗಿರ್ತಾರೆ ಅಂತ ನನಗೂ ಗೊತ್ತು. ಆರು ವರ್ಷ ಆಯ್ತು ಬಂದು."

ಗುರುವಾರ ಕೊಟ್ಟೆ.

ಏಮಸ್ ರೇನ್‌ನ ಹೊಲಮನೆಗೂ ಹೋಗಿದ್ದೆ. "ಮೂವತ್ತು ವರ್ಷ ದುಡ್ಡು ಕೊಟ್ಟು ನಿನ್ನ ಮಾತು ಕೇಳಿದೀನಿ ಸೆಪ್," ಎಂದ. "ಇವತ್ತು ಬಿಟ್ಟಿ ಹೇಳ್ತಿದೀಯ ಅಂದ್ರೆ ಏನೋ ಮೋಸ ಇದೆ."

"ವೋಟು ಹಾಕ್ತೀಯೋ ಇಲ್ವೋ ಅದು ಹೇಳು."

"ನೋಡಾಣ," ಎಂದು ಟೋಪಿಯ ಅಂಚು ಮುಟ್ಟಿದ. ಆ ಮನುಷ್ಯ ಹರಾಜಿನಲ್ಲಿ ಬೆಲೆ ಕೂಗುತ್ತಿದ್ದುದೇ ಹಾಗೆ, ನಿಮಗೆ ಗೊತ್ತು. ಬರೆದುಕೊಂಡೆ: ಖಚಿತ. ಇದೇ ರೀತಿ ಹುಬ್ಬು ಎತ್ತಿದವರು, ಕೆಮ್ಮಿದವರು, ಮೂಗು ತಿಕ್ಕಿದವರು, ಎಲ್ಲ ಸೇರಿ ಇವತ್ತಿಗೆ ಖಚಿತ 460. ಬರುವವರು ಹೆಚ್ಚೆಂದರೆ ಎಂಟುನೂರು ಚಿಲ್ಲರೆ. ನಾನು ಗೆದ್ದೆ ಎಂದಲ್ಲ. ನಾನು ಅಂಕಿ ಮಾತ್ರ ಹೇಳುತ್ತಿದ್ದೇನೆ.

ಬೇರೊಂದು ಅಂಕಿಯೂ ಇದೆ. ಮಾರಾಟದ ಪುಸ್ತಕದ ಒಂದು ಪುಟಕ್ಕೆ ನೀವು ನಲವತ್ತು ಸಾಲು ಹಿಡಿಸುತ್ತಿದ್ದಿರಿ. ನಿಮ್ಮ ಹೋದ ಕಾಗದ ಎಣಿಸಿದೆ. ಪುಟಕ್ಕೆ ಹದಿನಾಲ್ಕೇ ಸಾಲು, ಒಂದೊಂದು ಅಕ್ಷರ ಕುರಿಮರಿಯಷ್ಟು, ಅದೂ ದಪ್ಪ ಕಪ್ಪು ಪೆನ್ನಿನಲ್ಲಿ. ಹೇಳುವುದು ಕಡಿಮೆ ಇದ್ದಾಗ ಜನ ದೊಡ್ಡದಾಗಿ ಬರೆದು ಹಾಳೆ ತುಂಬಿಸುತ್ತಾರೆ. ಸಮುದ್ರದ ಊರಿನಲ್ಲಿ ಹೊಸ ಸ್ನೇಹಿತರಿರಬಹುದು. ಬೇಜಾರಿಲ್ಲ. ಎಣಿಸುವ ಅಭ್ಯಾಸ ಹೋಗಿಲ್ಲ, ಅಷ್ಟೆ.

ಎಸ್. ಡಿನ್ಸ್‌ಡೇಲ್


ಫೈಲಿ
17 ಏಪ್ರಿಲ್ 2003

ಮಿಸ್ಟರ್ ಡಿನ್ಸ್‌ಡೇಲ್ ಅವರಿಗೆ,

ನನ್ನ ಹದಿನಾಲ್ಕು ಸಾಲಿನಲ್ಲಿ ನಿಮ್ಮ ನಲವತ್ತು ಹಿಡಿಯುತ್ತವೆ. ಹಿಂದೆಯೂ ಹಿಡಿಯುತ್ತಿದ್ದವು. ನೀವು ಎರಡು ನಿಮಿಷ ಕೂಗಿದ್ದನ್ನು ನಾನು ಮೂರು ಪದದಲ್ಲಿ ಬರೆಯುತ್ತಿದ್ದೆ.

ಬಾಗಿಲಲ್ಲಿ ತಲೆಯಾಡಿಸುವುದು ಸಂತೆಯಲ್ಲಿ ತಲೆಯಾಡಿಸಿದಂತಲ್ಲ. ಸಂತೆಯಲ್ಲಿ ಆಡಿಸಿದ ತಲೆಗೆ ಕುರಿ ಮನೆಗೆ ಹೊಡೆದುಕೊಂಡು ಹೋಗುವ ಜವಾಬ್ದಾರಿ ಇರುತ್ತದೆ. 460ರಲ್ಲಿ ಕೆಮ್ಮು ಕಳೆಯಿರಿ.

ನಿನ್ನೆ ದಂಡೆಯ ಬೆಂಚಿನಲ್ಲಿ ಕೂತಿದ್ದಾಗ 79ರ ಹಿಮ ನೆನಪಾಯಿತು. ಲಾರಿಗಳು ಬರದೆ ಎರಡು ದಿನ ಮುನ್ನೂರು ಕುರಿ ದೊಡ್ಡಿಯಲ್ಲೇ ಉಳಿದಿದ್ದವು. ಮಾರ್ಗರೆಟ್ ಅವರು ನಿಮ್ಮ ಮನೆಯ ದೊಡ್ಡ ಪಾತ್ರೆಯಲ್ಲಿ ಬಟಾಣಿ ಸೂಪು ಮಾಡಿ ಹಿಮದ ಮೇಲೆ ಜಾರುಬಂಡಿಯಲ್ಲಿ ಎಳೆದು ತಂದರು. ಬದುಕಿದ್ದಷ್ಟು ದಿನ ನಿಮಗೆ ಒಳ್ಳೆಯ ಹೆಂಡತಿ. ನೀವು ಆ ರಾತ್ರಿಯೂ ಮಾತು ನಿಲ್ಲಿಸಲಿಲ್ಲ. ಕುರಿಗಳಿಗೆ ನಿದ್ದೆ ಇರಲಿಲ್ಲ.

ಇಲ್ಲಿ ನನಗೆ ಹೊಸ ಸ್ನೇಹಿತರಿಲ್ಲ.

ಇ. ಫಾಸೆಟ್


ಅಂಚೆ ಕಾರ್ಡು. ಫೈಲಿ, 25 ಏಪ್ರಿಲ್ 2003

ಮತಪತ್ರ ಬಂತು. ಹಿಲ್ಡಾ ಸಾಕ್ಷಿ ಸಹಿ ಹಾಕಿದಳು. ಲಾಟು ಮುಗಿಸಿ ಇವತ್ತಿನ ಅಂಚೆಗೆ ಹಾಕಿದ್ದೇನೆ. ಮಳೆ ಇಲ್ಲದಿರಲಿ. — ಇ.ಎಫ್.


ಥಾರ್ನ್‌ಬೆಕ್
ಶನಿವಾರ, 3 ಮೇ 2003

ಮಿಸ್ ಫಾಸೆಟ್ ಅವರಿಗೆ,

ಸೋತೆ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ನಿಧಾನವಾಗಿ ಓದಬಹುದು.

ಗುರುವಾರ ಬೆಳಗಿನಿಂದ ಊರ ಸಭಾಂಗಣದ ಬಾಗಿಲಲ್ಲಿ ಎರಡು ಕುರ್ಚಿ ಹಾಕಿಕೊಂಡು ನಾನು ಮತ್ತು ಮಿಸೆಸ್ ಆಸ್ಕ್ ಕೂತೆವು. ಮತ ಹಾಕಿ ಹೊರಬಂದವರ ಪಟ್ಟಿ ಸಂಖ್ಯೆ ಕೇಳಿ ಗುರುತು ಹಾಕಿಕೊಳ್ಳಬೇಕಲ್ಲ, ಇನ್ನೂ ಬಾರದವರನ್ನು ಸಂಜೆ ಕರೆತರಲು. ನನ್ನ ಕನ್ನಡಕ ಮನೆಯಲ್ಲಿತ್ತು, ಅವರೇ ನನ್ನ ಪಟ್ಟಿಯಲ್ಲೂ ಗುರುತು ಹಾಕಿದರು. ಅವರ ಫ್ಲಾಸ್ಕಿನ ಟೀ ಇಬ್ಬರೂ ಕುಡಿದೆವು, ನನ್ನ ಹಂದಿಮಾಂಸದ ಕಡುಬನ್ನು ಅರ್ಧ ಮಾಡಿ ತಿಂದೆವು. ನೋಡಿದವರು ಯಾರು ಯಾರ ಕಡೆ ಎಂದು ಗೊಂದಲಪಟ್ಟಿರಬೇಕು.

ಏಮಸ್ ಸಂಜೆ ಬಂದ. ಒಳಗೆ ಹೋಗಿ ಬಂದವನು ನನ್ನ ಎದುರು ನಿಂತ. "ಸೆಪ್, ಕೋಪ ಮಾಡ್ಕೋಬೇಡ. ಮೊಮ್ಮಗಳು ಎರಡು ಮಕ್ಕಳನ್ನ ಇಟ್ಕೊಂಡು ಕ್ಯಾರವಾನ್ ಗಾಡೀಲಿ ಇದಾಳೆ. ಎರಡು ಚಳಿಗಾಲ ಆಯ್ತು."

"ಟೋಪಿ ಮುಟ್ಟಿದ್ಯಲ್ಲೋ ಅವತ್ತು."

"ತುರಿಕೆ ಕಣೋ."

ಆ ಮಕ್ಕಳನ್ನು ನಾನೂ ನೋಡಿದ್ದೇನೆ. ಕೆಮ್ಮು ಕಳೆಯಿರಿ ಎಂದು ನೀವು ಬರೆದಾಗಲೇ ಕಳೆಯಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಎಣಿಕೆ, ಪಟ್ಟಣದ ಬ್ಯಾಡ್ಮಿಂಟನ್ ಹಾಲಿನಲ್ಲಿ. ಮೂರು ಸಲ ಎಣಿಸಿದರು. ಒಂದು ಮತಚೀಟಿಯ ಮೇಲೆ ಯಾರೋ ಏನೋ ಗೀಚಿದ್ದರು, ಅದನ್ನು ತೆಗೆದುಹಾಕಿದರು. ಉಳಿದದ್ದು ಅವರಿಗೆ 417, ನನಗೆ 417. ಸಮವಾದರೆ ಚೀಟಿ ಎತ್ತಬೇಕೆಂದು ಕಾನೂನು. ಚುನಾವಣಾಧಿಕಾರಿ ಪ್ರೆಂಟಿಸ್ ಎರಡು ಹೆಸರು ಬರೆದು ಮಡಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಕಣ್ಣು ಮುಚ್ಚಿ ಒಂದನ್ನು ಎತ್ತಿದರು. ನನ್ನದಲ್ಲ. ಐವತ್ತು ವರ್ಷ ಕುರಿ ಹರಾಜು ಹಾಕಿದವನಿಗೆ ದೊಡ್ಡಿಯೊಳಗೆ ನಿಲ್ಲುವುದು ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಅದೃಷ್ಟ, ಅಷ್ಟೆ. ಯಾರ ತಪ್ಪೂ ಇಲ್ಲ. ಹಿಲ್ಡಾ ಅವರಿಗೆ ನನ್ನ ನಮಸ್ಕಾರ ಹೇಳಿ.

ಎಸ್. ಡಿನ್ಸ್‌ಡೇಲ್


ಫೈಲಿ
9 ಮೇ 2003

ಮಿಸ್ಟರ್ ಡಿನ್ಸ್‌ಡೇಲ್ ಅವರಿಗೆ,

ಆ ಚೀಟಿಯ ಮೇಲೆ ಏನು ಗೀಚಿತ್ತು?

ಇ. ಫಾಸೆಟ್


ಥಾರ್ನ್‌ಬೆಕ್
14 ಮೇ 2003

ಮಿಸ್ ಫಾಸೆಟ್ ಅವರಿಗೆ,

ಏನೋ ಗೀಚು, ನೆನಪಿಲ್ಲ. ಚುನಾವಣೆ ಎಂದ ಮೇಲೆ ಇದ್ದದ್ದೇ. ಒಬ್ಬ ನಮ್ಮಿಬ್ಬರ ಹೆಸರಿನ ಮುಂದೆಯೂ ಗುಣಿಸು ಗುರುತು ಹಾಕಿದ್ದ, ಇನ್ನೊಬ್ಬ ಕೆಳಗೆ ಕುರಿಯ ಚಿತ್ರ ಬರೆದಿದ್ದ. ಚಿತ್ರ ಚೆನ್ನಾಗಿತ್ತು, ಕಿವಿ ಮಾತ್ರ ತಪ್ಪು.

ಈ ವರ್ಷ ಮರಿಗಳು ಗಟ್ಟಿಯಾಗಿವೆ. ಕಾಲುಬಾಯಿ ರೋಗದ ವರ್ಷ ಖಾಲಿ ಬಿದ್ದ ಬೆಟ್ಟಗಳಲ್ಲಿ ಮತ್ತೆ ಬಿಳಿ ಚುಕ್ಕೆ ಕಾಣಿಸುತ್ತಿದೆ. ನಿಮ್ಮ ಮನೆಯ ಬೇಲಿಯಲ್ಲಿ ಹಾಥಾರ್ನ್ ಹೂ ಬಿಟ್ಟಿದೆ. ಕಿಟಕಿಯ ಹತ್ತಿರದ ಕೊಂಬೆ ಕತ್ತರಿಸಿದ್ದೇನೆ, ಒಳಗೆ ಬೆಳಕು ಬರಲಿ ಎಂದು. ಓಣಿಯ ಕೊನೆಯ ಕಲ್ಲಿನ ಗೋಡೆ ಮಳೆಗೆ ಎರಡು ಮಾರು ಕುಸಿದಿತ್ತು, ಅದನ್ನೂ ಕಟ್ಟಿಸಿದೆ.

ಸಂತೆ ಇರಲಿ ಬಿಡಲಿ, ಸೆಪ್ಟೆಂಬರಿನಲ್ಲಿ ಒಂದು ಸಲ ಬನ್ನಿ.

ಎಸ್. ಡಿನ್ಸ್‌ಡೇಲ್


ಫೈಲಿ
20 ಮೇ 2003

ಮಿಸ್ಟರ್ ಡಿನ್ಸ್‌ಡೇಲ್ ಅವರಿಗೆ,

74ರ ಅಕ್ಟೋಬರ್ ಸಂತೆಯಲ್ಲಿ ಮೂರನೇ ದೊಡ್ಡಿಯ ಏಳನೇ ಕುರಿ ಯಾವ ಕಾಲಿಗೆ ಕುಂಟುತ್ತಿತ್ತು ಎಂದು ಕೇಳಿದರೆ ಈಗಲೂ ಹೇಳುವವರು ನೀವು. ಹದಿನೈದು ದಿನದ ಹಿಂದೆ ಕಣ್ಣೆದುರು ಹಿಡಿದ ಚೀಟಿ ನೆನಪಿಲ್ಲ ಎನ್ನುತ್ತೀರಿ. ನಿಮಗೆ ಸುಳ್ಳು ಹೇಳಲು ಬರುವುದಿಲ್ಲ. ಕಟ್ಟೆಯ ಮೇಲೂ ಬರುತ್ತಿರಲಿಲ್ಲ. ಬಡಕಲು ಟಗರನ್ನು ಹೊಗಳುವಾಗ ನಿಮ್ಮ ಸ್ವರ ಏರುತ್ತಿತ್ತು.

ಆ ಚೀಟಿ ನನ್ನದು. ಬಲ ಅಂಚಿನಲ್ಲಿ ಇ.ಎಫ್. ಎಂದಿತ್ತು.

ನನಗೆ ಕಣ್ಣು ಹೋಗುತ್ತಿದೆ. ಎರಡು ವರ್ಷದಿಂದ. ನಟ್ಟನಡುವೆ ಒಂದು ಮಬ್ಬು ಕೂತುಬಿಟ್ಟಿದೆ. ಯಾವುದನ್ನು ನೋಡುತ್ತೇನೋ ಅದೇ ಕಾಣುವುದಿಲ್ಲ, ಅದರ ಸುತ್ತಲಿನ ಅಂಚು ಕಾಣುತ್ತದೆ. ಹೋದ ಅಕ್ಟೋಬರಿನಲ್ಲಿ ಒಂದೇ ಮಂಗಳವಾರ ಮೂರು ಕಡೆ ಒಬ್ಬರ ಹೆಸರಿಗೆ ಇನ್ನೊಬ್ಬರ ಕುರಿ ಬರೆದೆ. ಸಂಜೆ ಎಲ್ಲರೂ ಹೋದ ಮೇಲೆ ಭೂತಗನ್ನಡಿ ಹಿಡಿದು ತಿದ್ದಿದೆ. ಆ ವಾರವೇ ಹಿಲ್ಡಾ ಬಿದ್ದಳು. ಅಕ್ಕನಿಗೆ ನನ್ನ ಅಗತ್ಯ ಇದೆ ಎಂದು ಎಲ್ಲರಿಗೂ ಹೇಳಿ ಹೊರಟೆ. ನನಗೆ ಅವಳ ಅಗತ್ಯ ಇತ್ತು. ನಿಮ್ಮ ಕಾಗದಗಳನ್ನೂ ಅವಳೇ ಓದಿ ಹೇಳುವುದು, ಬರೆಯುವಾಗ ನೆನಪಿರಲಿ.

ಮತಪತ್ರದಲ್ಲಿ ನಿಮ್ಮ ಹೆಸರು ಎಲ್ಲಿದೆ ಎಂದು ಅವಳು ನನ್ನ ಬೆರಳು ಹಿಡಿದು ತೋರಿಸಿದಳು. ಗುಣಿಸು ಹಾಕಿದೆ. ಪೆನ್ನು ಎತ್ತಲಿಲ್ಲ. ಸಾಲು ಮುಗಿದಿತ್ತು, ಬಲಗಡೆ ಅಂಚು ಕಾಣುತ್ತಿತ್ತು, ಕೈ ತಾನಾಗಿ ಅಲ್ಲಿಗೆ ಹೋಯಿತು. ಲಾಟು ಮುಗಿಸಿ ಕಳಿಸಿದ್ದೇನೆ ಎಂದು ನಿಮಗೆ ಹೆಮ್ಮೆಯಿಂದ ಬೇರೆ ಬರೆದೆ.

ಗುರುತು ಸಿಗುವಂತಹ ಬರಹ ಇದ್ದರೆ ಆ ಚೀಟಿ ಅಸಿಂಧು ಎಂದು ನಿಯಮದ ಹಾಳೆಯಲ್ಲೇ ಇತ್ತಂತೆ. ಹಿಲ್ಡಾ ಈಗ ಓದಿ ಹೇಳಿದಳು. 418 ಆಗಬೇಕಿದ್ದದ್ದು. ನಿಮ್ಮ ಸಂತೆಯನ್ನು ಕಳೆದವಳು ನಾನು.

ಸೆಪ್ಟೆಂಬರಿಗೆ ಬರಲಾರೆ. ಯಾವ ಮುಖ ಇಟ್ಟುಕೊಂಡು ಬರಲಿ? ನೀವು ತೋರಿಸಿದ ದಯೆಗೆ ಧನ್ಯವಾದ. ಅದು ಬೇಡವಾಗಿತ್ತು.

ಇ. ಫಾಸೆಟ್


ಥಾರ್ನ್‌ಬೆಕ್
ಸೋಮವಾರ, 26 ಮೇ 2003

ಎನಿಡ್,

ಮೂವತ್ತೊಂದು ವರ್ಷ ಮಿಸ್ ಫಾಸೆಟ್ ಎಂದವನು ಇವತ್ತು ಹೀಗೆ ಶುರು ಮಾಡಿದ್ದೇನೆ. ಹಿಲ್ಡಾ ಅವರೇ, ಇದನ್ನು ಜೋರಾಗಿ ಓದಿ.

ನೀವು ಲೆಕ್ಕ ತಪ್ಪಿದ್ದೀರಿ. ಸಂತೆಯನ್ನು ಕಳೆದವರು ನೀವಲ್ಲ. ನಡೆದದ್ದು ಹೇಳುತ್ತೇನೆ.

ಮೂರನೇ ಎಣಿಕೆಯ ನಂತರ ನನಗೆ 417, ಅವರಿಗೆ 417, ಮೇಜಿನ ಮೇಲೆ ಅನುಮಾನದ ಚೀಟಿ ಒಂದು. ಪ್ರೆಂಟಿಸ್ ನಮ್ಮಿಬ್ಬರನ್ನೂ ಕರೆದು ತೋರಿಸಿದರು. ನನ್ನ ಹೆಸರಿನ ಮುಂದೆ ಗುಣಿಸು, ಬಲ ಅಂಚಿನಲ್ಲಿ ಎರಡಕ್ಷರ. 'ಇ' ಅಕ್ಷರ ಕೆಳಗೆ ಸ್ವಲ್ಪ ಬಾಗಿ, ಎಫ್‌ನ ಅಡ್ಡಗೆರೆ ಹೊರಗೆ ಚಾಚಿ. ನೋಡುತ್ತಲೇ ನನಗೆ ಕಟಕಟೆಯ ಚಳಿ, ಒದ್ದೆ ಉಣ್ಣೆಯ ವಾಸನೆ, ನಿಮ್ಮ ಪೆನ್ನಿನ ಸದ್ದು, ಎಲ್ಲ ಒಟ್ಟಿಗೆ ಬಂದವು.

"ಬರೀ ಎರಡು ಅಕ್ಷರ," ಎಂದರು ಪ್ರೆಂಟಿಸ್. "ಏನು ಬೇಕಾದ್ರೂ ಇರಬಹುದು. ಇದರಿಂದ ಮತದಾರ ಯಾರು ಅಂತ ಗೊತ್ತಾಗದೆ ಇದ್ರೆ ಇದನ್ನ ಎಣಿಸ್ಬೇಕು ಅನ್ಸುತ್ತೆ. ಮಿಸೆಸ್ ಆಸ್ಕ್, ನಿಮಗೆ ಏನಾದ್ರೂ ಗೊತ್ತಾಗುತ್ತಾ?"

"ಇಲ್ಲ," ಎಂದರು ಅವರು. ಅವರಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಆರು ವರ್ಷದವರು, ಸಂತೆಗೆ ಬಂದವರಲ್ಲ.

"ನಿಮಗೆ, ಮಿಸ್ಟರ್ ಡಿನ್ಸ್‌ಡೇಲ್? ಹೆಸರು ಹೇಳ್ಬೇಕಿಲ್ಲ. ಈ ಕೈಬರಹ ಗೊತ್ತಾ, ಇಲ್ವಾ, ಅಷ್ಟೇ."

ಇಲ್ಲ ಎಂದರೆ ಸಾಕಿತ್ತು. ಎರಡೇ ಅಕ್ಷರ. 418 ಆಗುತ್ತಿತ್ತು, ಸಂತೆ ಉಳಿಯುತ್ತಿತ್ತು, ಸೆಪ್ಟೆಂಬರಿಗೆ ನೀವು ಬರುತ್ತಿದ್ದಿರಿ. ಇದನ್ನೆಲ್ಲ ನಾನು ಆ ಕ್ಷಣದಲ್ಲೇ ಕೂಡಿಸಿ ಮುಗಿಸಿದ್ದೆ. ಕೂಡಿಸುವುದರಲ್ಲಿ ನಾನು ನಿಧಾನಸ್ಥನಲ್ಲ. ಬಾಯಿಯೂ ತೆರೆದೆ. ಐವತ್ತು ವರ್ಷ ಬೇಕೆಂದ ಮಾತನ್ನು ಬೇಕೆಂದಾಗ ಕೊಟ್ಟ ಬಾಯಿ.

ನಿಮ್ಮ ಕೈ ನನಗೆ ಗೊತ್ತಿಲ್ಲ ಎಂದು ಹೇಳಲು ಆಗಲಿಲ್ಲ, ಎನಿಡ್. ಬೇರೆ ಯಾವ ಸುಳ್ಳನ್ನಾದರೂ ಹೇಳುತ್ತಿದ್ದೆನೇನೋ. ಅದೊಂದು ಆಗಲಿಲ್ಲ.

"ಗೊತ್ತು," ಎಂದೆ.

ಪ್ರೆಂಟಿಸ್ ಚೀಟಿಯನ್ನು ಪಕ್ಕಕ್ಕಿಟ್ಟರು. ಡಬ್ಬಿ ತರಿಸಿದರು. ಆಮೇಲಿನದು ನಿಮಗೆ ಗೊತ್ತು.

ಹೊರಗೆ ಬಂದಾಗ ಮಿಸೆಸ್ ಆಸ್ಕ್ ಹಿಂದಿನಿಂದ ಬಂದರು. "ನೀವು ಸುಮ್ನಿರಬಹುದಿತ್ತು."

"ನನಗೆ ಸುಮ್ನಿರೋಕೆ ಬರಲ್ಲ ಅಂತ ಊರಿಗೆಲ್ಲ ಗೊತ್ತು," ಎಂದೆ.

"ಆ ಕೈ ಯಾರದ್ದೋ ಕೇಳಲ್ಲ," ಎಂದರು. "ಅವರು ಅದೃಷ್ಟವಂತರು."

ನಾನು ಬಸ್ಸಿಗೆ ಕಾಯುತ್ತಿದ್ದೇನೆಂದು ಹೇಳಿ ಮುಖ ಆ ಕಡೆ ತಿರುಗಿಸಿದೆ. ನನ್ನ ಕಾರು ಅಲ್ಲೇ ನಿಂತಿತ್ತು.

ಇನ್ನೊಂದು. ಮೊಣಕಾಲು ಚೆನ್ನಾಗಿದೆ. ಡಿಸೆಂಬರಿನಲ್ಲಿಯೂ ಚೆನ್ನಾಗಿತ್ತು. ನೀವು ಹೋದ ಮೇಲೆ ಐದು ಮಂಗಳವಾರ ಕಟ್ಟೆಯ ಮೇಲೆ ನಿಂತೆ. ಪ್ರತಿ ಲಾಟಿಗೂ ಸುತ್ತಿಗೆ ಬಡಿದು, ಎಡಗಡೆ ತಿರುಗಿ, ಮುಗಿಯಿತೇ ಎಂದು ನೋಡುತ್ತಿದ್ದೆ. ಕಂಪ್ಯೂಟರು ತಲೆ ಎತ್ತುವುದಿಲ್ಲ. ಆರನೇ ಮಂಗಳವಾರ ಹೋಗಲಿಲ್ಲ.

ಸಾಲು ಎಣಿಸಿ ಚುಚ್ಚಿದ್ದಕ್ಕೆ ಕ್ಷಮಿಸಿ. ಎಣಿಸಿದ್ದು ಸರಿ ಇತ್ತು, ಅರ್ಥ ತಪ್ಪಿತ್ತು.

ಸೆಪ್ಟಿಮಸ್


ಥಾರ್ನ್‌ಬೆಕ್
ಗುರುವಾರ, 17 ಜುಲೈ 2003

ಎನಿಡ್,

ಏಳು ವಾರವಾಯಿತು. ಉತ್ತರ ಬರಲಿಲ್ಲ, ಕೇಳುವುದೂ ಇಲ್ಲ. ತಿಳಿಸಬೇಕಾದ್ದನ್ನು ತಿಳಿಸುತ್ತೇನೆ.

ನಿನ್ನೆ ಕೌನ್ಸಿಲ್ ಕೈ ಎತ್ತಿತು. ಒಂದು ಕೈ ಹೆಚ್ಚು, ಮನೆಗಳಿಗೆ. ಮಿಸೆಸ್ ಆಸ್ಕ್ ತಾವೇ ಮನೆಗೆ ಬಂದು ಹೇಳಿದರು. ಕೊಟ್ಟ ಮಾತಿನಂತೆ ನಡೆದರು, ತಪ್ಪು ಹೇಳಲಾರೆ. ಏಮಸ್‌ನ ಮೊಮ್ಮಗಳು ಈಗಲೇ ಪರದೆಯ ಬಟ್ಟೆ ನೋಡುತ್ತಿದ್ದಾಳಂತೆ. ನನಗೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಆದರೂ ಅವರು ಹೋದ ಮೇಲೆ ಮೈದಾನಕ್ಕೆ ಹೋಗಿ ದೊಡ್ಡಿಗಳ ಬಾಗಿಲನ್ನೆಲ್ಲ ಒಂದೊಂದಾಗಿ ತೆರೆದು ಮುಚ್ಚಿದೆ. ಅರವತ್ತೆರಡು. ಹದಿನೆಂಟನೆಯದರ ಚಿಲಕ ಈಗಲೂ ಎತ್ತಿ ತಳ್ಳಬೇಕು.

ಕೊನೆಯ ಹರಾಜು ಸೆಪ್ಟೆಂಬರ್ 23, ಮಂಗಳವಾರ. ಕೊನೆಯ ದೊಡ್ಡಿಯನ್ನು ನಾನೇ ಕೂಗಬೇಕು ಎಂದು ಕ್ರೇಗ್ ಕೇಳಿದ್ದಾನೆ. ಇನ್ನೂ ಒಪ್ಪಿಲ್ಲ.

ಸೆಪ್ಟಿಮಸ್


ಫೈಲಿ
28 ಜುಲೈ 2003

ಸೆಪ್ಟಿಮಸ್ ಅವರಿಗೆ,

ಈ ಕಾಗದ ಹಿಲ್ಡಾಳ ಕೈಯದು, ಮಾತು ನನ್ನದು. ಸಾಲು ಎಣಿಸಬೇಡಿ.

ಒಂಬತ್ತು ವಾರ ಸುಮ್ಮನಿದ್ದದ್ದು ಕೋಪದಿಂದಲ್ಲ. ನಿಮ್ಮ ಮೇ ತಿಂಗಳ ಕಾಗದವನ್ನು ಹಿಲ್ಡಾಳಿಂದ ನಾಲ್ಕು ಸಲ ಓದಿಸಿದೆ. ಐದನೇ ಸಲ ಕೇಳಿದಾಗ, "ನನಗೂ ಬಾಯಿಪಾಠ ಆಗಿದೆ ಮಾರಾಯ್ತಿ, ಒಂದೋ ಉತ್ತರ ಬರಿ, ಇಲ್ಲಾಂದ್ರೆ ಆ ಮನುಷ್ಯನನ್ನ ನಾನೇ ಕಟ್ಕೋತೀನಿ" ಎಂದಳು. (ಹೇಳಿದ್ದು ನಿಜ. — ಹಿಲ್ಡಾ)

ನಿಮ್ಮ ಮೇಲೆ ಸಿಟ್ಟು ಮಾಡಲು ಪ್ರಯತ್ನಿಸಿದೆ. ಇಡೀ ಊರಿನ ಸಂತೆ ಒಂದು ಕಡೆ, ನನ್ನ ಎರಡಕ್ಷರ ಒಂದು ಕಡೆ. ಯಾವ ವ್ಯಾಪಾರಿಯೂ ಹಾಗೆ ತೂಗುವುದಿಲ್ಲ. ನಿಮ್ಮನ್ನು ಲೆಕ್ಕದ ಮನುಷ್ಯ ಎಂದು ಇಷ್ಟು ವರ್ಷ ನಂಬಿದ್ದೆ.

ಕೊನೆಯ ದೊಡ್ಡಿಯನ್ನು ನೀವೇ ಕೂಗಬೇಕು. ನಾನು ಬರುತ್ತೇನೆ. ಪುಸ್ತಕ ಬರೆಯಲಾರೆ, ಸುಮ್ಮನೆ ಕೂತು ಕೇಳುತ್ತೇನೆ. ಬಡಕಲು ಟಗರು ಬಂದರೆ ನಿಮ್ಮ ಸ್ವರದಿಂದಲೇ ತಿಳಿಯುತ್ತದೆ.

ಎನಿಡ್


ಥಾರ್ನ್‌ಬೆಕ್
ಶನಿವಾರ, 2 ಆಗಸ್ಟ್ 2003

ಎನಿಡ್,

ಕ್ರೇಗ್‌ಗೆ ಒಪ್ಪಿಗೆ ಹೇಳಿದೆ. 22ರ ಸಂಜೆ ಸ್ಟೇಷನ್ನಿಗೆ ನಾನೇ ಬರುತ್ತೇನೆ, ಕಾರು ತರುತ್ತೇನೆ. ಹಿಲ್ಡಾ ಅವರೂ ಬರಲಿ, ಬಟಾಣಿ ಸೂಪು ನಾನು ಮಾಡುತ್ತೇನೆ. ಮಾರ್ಗರೆಟ್‌ಳ ಪಾತ್ರೆ ಇನ್ನೂ ಇದೆ.

ಕಂಪ್ಯೂಟರನ್ನು ಆ ಒಂದು ದಿನ ಕಚೇರಿಗೆ ಕಳಿಸಲು ಕ್ರೇಗ್ ಒಪ್ಪಿದ್ದಾನೆ. ಬೀರುವಿನಲ್ಲಿ ಹಳೆಯ ಮಾರಾಟದ ಪುಸ್ತಕ ಸಿಕ್ಕಿತು, ನವೆಂಬರಿನಲ್ಲಿ ನೀವು ನಿಲ್ಲಿಸಿದ ಪುಟಕ್ಕೇ ತೆರೆದುಕೊಂಡಿತು. ಅರ್ಧ ಪುಟ ಖಾಲಿ ಇದೆ. ಹೆಸರುಗಳನ್ನು ಏಮಸ್‌ನ ಮೊಮ್ಮಗಳು ಬರೆಯುತ್ತಾಳೆ, ಅವಳೇ ಕೇಳಿಕೊಂಡು ಬಂದಳು.

ಅವಳು ಅಂಚು ಮುಟ್ಟುವುದಿಲ್ಲ. ಕೊನೆಯ ಲಾಟಿಗೆ ಸುತ್ತಿಗೆ ಬಿದ್ದ ಮೇಲೆ ನಾನು ಎಡಗಡೆ ತಿರುಗುತ್ತೇನೆ, ನಿಮ್ಮ ಬೆರಳು ಹಿಡಿದು ಸಾಲಿನ ಬಲ ತುದಿಗೆ ಇಡುತ್ತೇನೆ. ನೀವು ಎರಡಕ್ಷರ ಹಾಕಿ. ಅಲ್ಲಿಯವರೆಗೆ ಯಾರೂ ಮನೆಗೆ ಹೋಗುವಂತಿಲ್ಲ ಎಂದು ಊರಿಗೆಲ್ಲ ಹೇಳಿಟ್ಟಿದ್ದೇನೆ.

ಸೆಪ್ಟಿಮಸ್